ಘಟ್ಟ ಇಳಿದು ಕಡಲಿಗೆ: ಸೀಲ್ ಇಲ್ಲದ ನಮ್ಮ ಕರಾವಳಿಯಲ್ಲಿ ಏನನ್ನು, ಎಲ್ಲಿ, ಯಾವ ಹೊತ್ತಿನಲ್ಲಿ ನೋಡಬೇಕು?

(ದೃಶ್ಯ: ಕೊಡಚಾದ್ರಿಯ ನೆತ್ತಿಯಿಂದ ಪಶ್ಚಿಮ ದಿಕ್ಕಿನಲ್ಲಿ ಕಾಣುವ ಕಡಲಿನ ಗೆರೆ)

ನಮಸ್ಕಾರ. ಡಿಸೆಂಬರ್ ರಜೆ ಬಂತೆಂದರೆ ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ, ಸಾಗರಗಳ ಕುಟುಂಬಗಳು ಯಾವುದಾದರೊಂದು ಘಟ್ಟ ಇಳಿದು ಕಡಲ ದಂಡೆಗೆ ಹೋಗಿಬರುತ್ತವೆ. ಆಗುಂಬೆ ಇಳಿದರೆ ಉಡುಪಿ, ಹುಲಿಕಲ್ ಇಳಿದರೆ ಕುಂದಾಪುರ, ಜೋಗ ದಾಟಿ ಗೇರುಸೊಪ್ಪೆಯ ತಿರುವುಗಳನ್ನು ಇಳಿದರೆ ಹೊನ್ನಾವರ. ಆದರೆ ಎರಡು ದಿನ ಕಡಲ ಪಕ್ಕದಲ್ಲೇ ಕಳೆದರೂ, ಅಲ್ಲಿ ಬದುಕುವ ಒಂದು ಪ್ರಾಣಿಯನ್ನೂ ನೋಡದೆ ಮರಳುವವರೇ ಹೆಚ್ಚು. ಪ್ರಾಣಿಗಳು ಅಲ್ಲಿ ಖಂಡಿತ ಇವೆ. ನಾವು ಹೋಗುವ ಹೊತ್ತು ಮತ್ತು ನಿಲ್ಲುವ ಜಾಗ ಅವುಗಳ ದಿನಚರಿಗೆ ಹೊಂದುತ್ತಿಲ್ಲ, ಅಷ್ಟೇ.

ವಿದೇಶದ ವಿಡಿಯೋಗಳನ್ನು ನೋಡಿದ ಮಕ್ಕಳು ಮೊದಲು ಕೇಳುವ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳೋಣ: ಮೀಸೆಯ ಮುಖದ ಕಡಲ ಪ್ರಾಣಿ ಸೀಲ್ ನಮ್ಮ ಕಡಲಿನಲ್ಲಿ ಕಾಣುತ್ತದೆಯೇ? ಇಲ್ಲ. ಚರ್ಮದ ಕೆಳಗೆ ದಪ್ಪ ಕೊಬ್ಬಿನ ಪದರವಿರುವ ಸೀಲ್‌ಗಳು ಬಹುಪಾಲು ತಣ್ಣನೆಯ, ಮೀನು ಸಮೃದ್ಧವಾಗಿರುವ ಕಡಲುಗಳ ವಾಸಿಗಳು. ಮೆಡಿಟರೇನಿಯನ್ ಮತ್ತು ಹವಾಯಿಯ ಮಾಂಕ್ ಸೀಲ್‌ಗಳಂತೆ ಬೆಚ್ಚನೆಯ ನೀರಿನಲ್ಲಿ ಬದುಕುವ ಕೆಲವು ಜಾತಿಗಳೂ ಇವೆಯಾದರೂ, ಭಾರತದ ತೀರವನ್ನು ಮನೆ ಮಾಡಿಕೊಂಡ ಸೀಲ್ ಯಾವುದೂ ಇಲ್ಲ.

(ದೃಶ್ಯ: ಭೂಪಟದಲ್ಲಿ ಇಂಗ್ಲೆಂಡಿನ ಪೂರ್ವ ತೀರ)

ಇಂಗ್ಲೆಂಡಿನ ನಾರ್ಫಕ್ ತೀರದ ಬ್ಲೇಕ್ನಿ ಪಾಯಿಂಟ್‌ನಲ್ಲಿ ಚಳಿಗಾಲದ ಹೊತ್ತಿಗೆ ಬೂದು ಸೀಲ್‌ಗಳು ಮರಳಿನ ಮೇಲೆ ಮರಿ ಹಾಕುತ್ತವೆ. ಬಿಳಿ ತುಪ್ಪಳದ ಆ ಮರಿಗೆ ತಾಯಿ ಸುಮಾರು ಮೂರು ವಾರ ಮಾತ್ರ ಹಾಲು ಕೊಡುತ್ತದೆ. ಅಷ್ಟರೊಳಗೆ ಮರಿ ಕೊಬ್ಬು ಕಟ್ಟಿಕೊಳ್ಳಬೇಕು. ಆ ದಿನಗಳಲ್ಲಿ ಜನರು ಹತ್ತಿರ ಹೋದರೆ ಬೆದರಿದ ತಾಯಿ ಮರಿಯನ್ನು ಬಿಟ್ಟು ನೀರಿಗಿಳಿಯಬಹುದು. ಅದಕ್ಕಾಗಿಯೇ ಅಲ್ಲಿ ದೂರದಿಂದ, ದೋಣಿಯಲ್ಲಿ ಕುಳಿತು ನೋಡುವ ಪದ್ಧತಿ ಬೆಳೆದಿದೆ. ಇದ್ದಕ್ಕಿದ್ದಂತೆ ಎಲ್ಲ ಸೀಲ್‌ಗಳೂ ತಲೆ ಎತ್ತಿ ನಮ್ಮತ್ತ ನೋಡತೊಡಗಿದರೆ, ನಾವು ಆಗಲೇ ಬೇಕಾದ್ದಕ್ಕಿಂತ ಹತ್ತಿರ ಬಂದಿದ್ದೇವೆ ಎಂದರ್ಥ. ಈ ಸೂಚನೆಯನ್ನು ನೆನಪಿನಲ್ಲಿಟ್ಟುಕೊಳ್ಳಿ, ನಮ್ಮ ಕಡಲಿನ ಪ್ರಾಣಿಗಳಿಗೂ ಅದು ಅನ್ವಯಿಸುತ್ತದೆ.

ಸೀಲ್ ಇಲ್ಲದಿದ್ದರೂ, ನೀರಿನಿಂದ ಮೀಸೆಯ ಮುಖವನ್ನು ಮೇಲೆತ್ತಿ ನೋಡಿ ಮತ್ತೆ ಮುಳುಗುವ ಒಂದು ಪ್ರಾಣಿಯನ್ನು ಮಲೆನಾಡಿನವರು ಬಲ್ಲರು. ಅದು ನೀರುನಾಯಿ. ತುಂಗಾ, ಭದ್ರಾ ನದಿಗಳ ಮಡುಗಳಲ್ಲಿ ಗುಂಪಾಗಿ ಮೀನು ಹಿಡಿಯುವ, ನುಣುಪು ತುಪ್ಪಳದ ದೊಡ್ಡ ಜಾತಿಯ ನೀರುನಾಯಿ ನದಿ ಕಡಲು ಸೇರುವ ಅಳಿವೆಗಳಲ್ಲೂ ಬದುಕಬಲ್ಲದು. ಏಡಿಗಳನ್ನು ಹುಡುಕಿ ತಿನ್ನುವ ಸಣ್ಣ ಜಾತಿ ಘಟ್ಟದ ಹಳ್ಳಗಳನ್ನು ಹೆಚ್ಚು ಇಷ್ಟಪಡುತ್ತದೆ. ಸೀಲ್ ನೆಲದ ಮೇಲೆ ಹೊಟ್ಟೆಯನ್ನು ಎಳೆದುಕೊಂಡು ಸಾಗಿದರೆ ನೀರುನಾಯಿ ನಾಲ್ಕು ಕಾಲುಗಳ ಮೇಲೆ ಓಡಾಡುತ್ತದೆ. ಸೀಲ್‌ಗೆ ಕೊಬ್ಬು ಕೊಡುವ ರಕ್ಷಣೆಯನ್ನು ನೀರುನಾಯಿಗೆ ದಟ್ಟ ತುಪ್ಪಳ ಕೊಡುತ್ತದೆ. ಅದನ್ನು ನೇರವಾಗಿ ಹುಡುಕುವುದಕ್ಕಿಂತ ಅದರ ಗುರುತನ್ನು ಹುಡುಕುವುದು ಸುಲಭ: ನೀರಿನಂಚಿನ ಬಂಡೆಯ ಮೇಲೆ ಮೀನಿನ ಪೊರೆ, ಮುಳ್ಳುಗಳು ತುಂಬಿದ ಹಿಕ್ಕೆ ಕಂಡರೆ, ಮುಂಜಾನೆ ಅದೇ ಜಾಗದಿಂದ ತುಸು ದೂರದಲ್ಲಿ ಮೌನವಾಗಿ ಕಾಯಬಹುದು.

(ದೃಶ್ಯ: ಜೋಗದಿಂದ ಹೊನ್ನಾವರದವರೆಗೆ ಶರಾವತಿಯ ಹಾದಿ, ಪಕ್ಕದಲ್ಲಿ ಅಘನಾಶಿನಿಯ ಹಾದಿ)

ಅಳಿವೆಯ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಘಟ್ಟದ ಮೇಲಿನ ನಮ್ಮ ಬದುಕಿಗೂ ಕೆಳಗಿನ ಜೀವಿಗಳಿಗೂ ಇರುವ ನಂಟು ಅಲ್ಲಿಯಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ, ಜೋಗದಲ್ಲಿ 253 ಮೀಟರ್ ಧುಮುಕಿ, ಹೊನ್ನಾವರದಲ್ಲಿ ಅರಬ್ಬಿ ಸಮುದ್ರವನ್ನು ಸೇರುತ್ತದೆ. ಅಣೆಕಟ್ಟುಗಳಿಲ್ಲದ ಕಾಲದಲ್ಲಿ ಬೇಸಿಗೆಯ ಹೊತ್ತಿಗೆ ನದಿಯ ಹರಿವು ಕುಗ್ಗಿ, ಕಡಲಿನ ಉಪ್ಪು ನೀರು ಅಳಿವೆಯೊಳಗೆ ಬಹುದೂರ ಏರಿ ಬರುತ್ತಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದ ಮೇಲೆ, ವಿದ್ಯುತ್ ಉತ್ಪಾದಿಸಿ ಬಿಡುವ ಸಿಹಿನೀರು ವರ್ಷವಿಡೀ ಕೆಳಗೆ ಹರಿಯುತ್ತಿರುವುದರಿಂದ ಶರಾವತಿ ಅಳಿವೆಯ ಉಪ್ಪಿನಂಶ ತಗ್ಗಿದೆ. ಉಪ್ಪು–ಸಿಹಿ ಬೆರೆತ ನೀರನ್ನೇ ನೆಚ್ಚಿಕೊಂಡ ಬಳಚು ಮೊದಲಾದ ಚಿಪ್ಪುಜೀವಿಗಳು ಅಲ್ಲಿ ವಿರಳವಾಗಿವೆ. ಅದೇ ಶಿರಸಿಯ ಬಳಿ ಹುಟ್ಟಿ ಕುಮಟಾದ ಬಳಿ ಕಡಲು ಸೇರುವ ಅಘನಾಶಿನಿಗೆ ಅಣೆಕಟ್ಟಿಲ್ಲ. ಅಲ್ಲಿ ಇಳಿತದ ಹೊತ್ತಿನಲ್ಲಿ ನೂರಾರು ಜನರು ಮೊಣಕಾಲುದ್ದ ನೀರಿಗಿಳಿದು ಬಳಚು ಆರಿಸುವುದನ್ನು ಇಂದಿಗೂ ಕಾಣಬಹುದು. 2024ರಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ, ಅಂದರೆ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿತು. ಜೋಗವನ್ನು ನೋಡಿ ಹೆಮ್ಮೆಪಡುವ ನಾವು, ಆ ನೀರು ಕೆಳಗೆ ಹೋಗಿ ಏನು ಮಾಡುತ್ತದೆ ಎಂಬುದನ್ನೂ ತಿಳಿದಿರಬೇಕೆಂದು ನನಗೆ ಗಾಢವಾಗಿ ಅನ್ನಿಸುತ್ತದೆ.

(ದೃಶ್ಯ: ಕಾಸರಕೋಡಿನ ಕಾಂಡ್ಲಾ ವನದ ಮರದ ಕಾಲುಹಾದಿ, ಕೆಸರಿನ ಸಮೀಪ ನೋಟ)

ಹಾಗೆಂದು ಶರಾವತಿಯ ಅಳಿವೆ ಬರಿದಾಗಿಲ್ಲ. ಹೊನ್ನಾವರದ ಕಾಸರಕೋಡಿನಲ್ಲಿ ಉಪ್ಪು ನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಹಾದುಹೋಗುವ ಮರದ ಕಾಲುಹಾದಿಯ ಮೇಲೆ ಇಳಿತದ ಹೊತ್ತಿಗೆ ನಿಂತು, ಬೇಲಿಗೆ ಒರಗಿ, ಹತ್ತು ನಿಮಿಷ ಕೆಸರನ್ನೇ ನೋಡಿ. ಮೊದಲು ಏನೂ ಕಾಣುವುದಿಲ್ಲ. ಆಮೇಲೆ ಬೆರಳುದ್ದದ ಕೆಸರುಬಣ್ಣದ ಜೀವಿಯೊಂದು ಎದೆಯ ಎರಡು ಈಜುರೆಕ್ಕೆಗಳನ್ನು ಊರಿಕೊಂಡು ಮುಂದಕ್ಕೆ ತೆವಳುತ್ತದೆ. ನೆತ್ತಿಯ ಮೇಲೆ ಉಬ್ಬಿದ ಕಣ್ಣುಗಳನ್ನು ಆಗಾಗ ಗುಳಿಯೊಳಗೆ ಎಳೆದು ಒದ್ದೆ ಮಾಡಿಕೊಳ್ಳುತ್ತದೆ, ಮೈ ಒಣಗಿತೆಂದರೆ ಕೆಸರಿನಲ್ಲಿ ಹೊರಳುತ್ತದೆ. ಇದು ಮಡ್‌ಸ್ಕಿಪ್ಪರ್ ಎಂಬ ಮೀನು. ಕಿವಿರಿನ ಕೋಣೆಯಲ್ಲಿ ನೀರನ್ನು ಹಿಡಿದಿಟ್ಟುಕೊಂಡು, ಒದ್ದೆ ಚರ್ಮ ಮತ್ತು ಬಾಯಿಯ ಒಳಪದರದ ಮೂಲಕವೂ ಉಸಿರಾಡುತ್ತ ಗಂಟೆಗಟ್ಟಲೆ ನೀರಿನಾಚೆ ಬದುಕುತ್ತದೆ. ಅದರ ಸುತ್ತಲೇ, ಒಂದೇ ಒಂದು ದೊಡ್ಡ ಕೊಂಡಿಯನ್ನು ಎತ್ತಿ ಬೀಸುವ ಗಂಡು ಫಿಡ್ಲರ್ ಏಡಿಗಳು ಕಾಣಿಸಿಕೊಳ್ಳುತ್ತವೆ. ನಿಮ್ಮ ನೆರಳು ಅಲುಗಿದರೆ ಸಾಕು, ಎಲ್ಲವೂ ಬಿಲ ಸೇರುತ್ತವೆ.

ಇಳಿತದ ಹೊತ್ತನ್ನು ತಿಳಿಯುವುದು ಕಷ್ಟವಲ್ಲ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತಗಳು ಬರುತ್ತವೆ. ಈ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ಹಿಂದೆ ಸರಿಯುವುದರಿಂದ ಕೆಸರು, ಬಂಡೆಗಳು ಹೆಚ್ಚು ತೆರೆದುಕೊಳ್ಳುತ್ತವೆ. ದಂಡೆಯ ಮೀನುಗಾರರನ್ನು ಕೇಳಿದರೆ ಕೈಗಡಿಯಾರ ನೋಡದೆಯೇ ಹೇಳುತ್ತಾರೆ.

(ದೃಶ್ಯ: ಎತ್ತರದಿಂದ ಕಾಣುವ ಶಾಂತ ಕಡಲು)

ಡಾಲ್ಫಿನ್ ನೋಡುವುದಕ್ಕೆ ದೋಣಿಯೇ ಬೇಕೆಂದು ಹಲವರು ತಿಳಿದಿದ್ದಾರೆ. ನಮ್ಮ ತೀರದ ಹಂಪ್‌ಬ್ಯಾಕ್ ಡಾಲ್ಫಿನ್ ಆಳವಿಲ್ಲದ ನೀರಿನಲ್ಲಿ, ದಡಕ್ಕೆ ಹತ್ತಿರವಾಗಿ, ಅದರಲ್ಲೂ ಅಳಿವೆಯ ಬಾಯಿಗಳಲ್ಲಿ ಮೀನು ಹುಡುಕುವ ಪ್ರಾಣಿಯಾದ್ದರಿಂದ, ಅಪ್ಸರಕೊಂಡದ ಗುಡ್ಡ, ಗೋಕರ್ಣದ ಬಂಡೆಗಳು, ಕಾರವಾರದ ಕಾಳಿ ನದಿಯ ಸಂಗಮದಂತಹ ಜಾಗಗಳಿಂದ ಅದನ್ನು ನೆಲದ ಮೇಲೆಯೇ ನಿಂತು ನೋಡಬಹುದು. ನವೆಂಬರ್‌ನಿಂದ ಫೆಬ್ರವರಿಯವರೆಗೆ, ಗಾಳಿ ಏಳುವ ಮುನ್ನ ಕಡಲು ಸಮತಟ್ಟಾಗಿರುವ ಮುಂಜಾನೆ ಸೂಕ್ತ. ಮಳೆಗಾಲದಲ್ಲಿ ಪ್ರಯತ್ನಿಸಬೇಡಿ. ಒಂದೇ ಬಿಂದುವನ್ನು ದಿಟ್ಟಿಸದೆ ನೀರಿನ ಮೇಲೆ ನಿಧಾನವಾಗಿ ಕಣ್ಣಾಡಿಸಬೇಕು. ಮೊದಲು ಉದ್ದ ಮೂತಿ, ಆಮೇಲೆ ಬೆನ್ನಿನ ಗೂನು, ಅದರ ಮೇಲೆ ಕೂತಂತಿರುವ ಸಣ್ಣ ರೆಕ್ಕೆ, ಈ ಕ್ರಮದಲ್ಲಿ ಅದು ಮೇಲೆ ಬಂದು ಮುಳುಗುತ್ತದೆ. ದೋಣಿಯಲ್ಲಿ ಹೋಗುವುದಾದರೆ, ಡಾಲ್ಫಿನ್‌ಗಳ ಹಿಂದೆ ಓಡಿಸದಂತೆ, ಗುಂಪಿನ ನಡುವೆ ನುಗ್ಗಿಸದಂತೆ ಚಾಲಕರನ್ನು ವಿನಯದಿಂದ ಕೇಳಿಕೊಳ್ಳಿ. ಹಣ ಕೊಡುವ ಪ್ರವಾಸಿಗರೇ ಬೇಡವೆಂದರೆ ಆ ಓಟ ನಿಲ್ಲುತ್ತದೆ.

ತಲೆ ಎತ್ತಿದರೆ ಬಿಳಿ ಹೊಟ್ಟೆಯ ಕಡಲ ಹದ್ದು ಕಾಣಬಹುದು. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪ ಅದರ ಹೆಸರಾಂತ ನೆಲೆ. ಮಂಡಗದ್ದೆಯಲ್ಲಿ ಬೆಳ್ಳಕ್ಕಿಗಳನ್ನು ನೋಡಿ ಪಳಗಿದವರಿಗೆ ಚಳಿಗಾಲದ ಕಡಲಕ್ಕಿಗಳನ್ನು ಗುರುತಿಸುವುದು ಬೇಗ ಕೈಹಿಡಿಯುತ್ತದೆ.

(ದೃಶ್ಯ: ನಸುಕಿನ ಮರಳಿನ ಮೇಲೆ ಕಡಲಾಮೆಯ ಜಾಡು)

ಇದೇ ಚಳಿಗಾಲದ ರಾತ್ರಿಗಳಲ್ಲಿ ಹೊನ್ನಾವರ, ಕಾರವಾರ, ಕುಂದಾಪುರದ ಕೆಲವು ದಂಡೆಗಳಿಗೆ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಹಿಂಗಾಲುಗಳಿಂದ ಗುಂಡಿ ತೋಡಿ, ಸುಮಾರು ನೂರು ಮೊಟ್ಟೆಗಳನ್ನಿಟ್ಟು, ಮರಳು ಮುಚ್ಚಿದ ಮೇಲೆ ಅವು ಮೈಯನ್ನು ಆಚೀಚೆ ಬಡಿಯುತ್ತ ಮರಳನ್ನು ಗಟ್ಟಿ ಮಾಡುತ್ತವೆ. ಮರಿಗಳು ಹೊರಬರಲು ಹೆಚ್ಚುಕಡಿಮೆ 45ರಿಂದ 60 ದಿನ ಬೇಕು. ಹುಟ್ಟುವುದು ಹೆಣ್ಣೋ ಗಂಡೋ ಎಂಬುದನ್ನು ನಿರ್ಧರಿಸುವುದು ಮರಳಿನ ಬಿಸಿ. ರಾತ್ರಿ ಹೊರಬಂದ ಮರಿಗಳು ಹೆಚ್ಚು ಬೆಳಕಿರುವ ದಿಕ್ಕಿಗೆ ಸಾಗುತ್ತವೆ. ಕತ್ತಲ ದಂಡೆಯಲ್ಲಿ ಅದು ಕಡಲು, ದೀಪ ಹಚ್ಚಿದ ದಂಡೆಯಲ್ಲಿ ಅದು ರೆಸಾರ್ಟ್. ರಾತ್ರಿ ದಂಡೆಯಲ್ಲಿ ಟಾರ್ಚ್, ಕ್ಯಾಂಪ್‌ಫೈರ್, ಫ್ಲ್ಯಾಶ್ ಬೇಡ ಎನ್ನುವುದಕ್ಕೆ ಕಾರಣ ಇದು. ನಸುಕಿನಲ್ಲಿ ನಡೆಯುವಾಗ ನೀರಿನಿಂದ ಮೇಲಕ್ಕೆ ಬಂದು ಮತ್ತೆ ನೀರಿಗೇ ಮರಳಿದ, ಎಡಬಲದ ಗುರುತುಗಳು ಹಿಂದುಮುಂದಾಗಿ ಬಿದ್ದ ಅಗಲವಾದ ಜಾಡು ಕಂಡರೆ, ಅದನ್ನು ತುಳಿಯದೆ, ಮೊಟ್ಟೆ ಹುಡುಕಿ ಕೆದಕದೆ, ಅರಣ್ಯ ಇಲಾಖೆಗೆ ತಿಳಿಸಿ. ಗೂಡುಗಳ ಸುತ್ತ ಬಲೆ ಕಟ್ಟಿ ನಾಯಿಗಳಿಂದ ಕಾಯುವ ಕೆಲಸವನ್ನು ಇಲಾಖೆಯವರ ಜೊತೆ ಸ್ಥಳೀಯ ಮೀನುಗಾರರೂ ಮಾಡುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿರುವ ಈ ಆಮೆಗಳ ಮೊಟ್ಟೆ ತೆಗೆಯುವುದು ಅಪರಾಧ.

ದಂಡೆಯಲ್ಲಿ ಗಾಯಗೊಂಡ, ಬಲೆಗೆ ಸಿಕ್ಕಿ ಬಳಲಿದ ಆಮೆಯೋ ಡಾಲ್ಫಿನ್ನೋ ಕಂಡರೆ ಅದನ್ನು ಮತ್ತೆ ನೀರಿಗೆ ತಳ್ಳುವುದು ಸಹಜವಾದ ಒಳ್ಳೆಯ ಉದ್ದೇಶವಾದರೂ, ದಣಿದ ಪ್ರಾಣಿ ಅಲೆಯಲ್ಲಿ ಉಸಿರುಗಟ್ಟಿ ಸಾಯುವ ಅಪಾಯವಿದೆ. ಜನರನ್ನೂ ನಾಯಿಗಳನ್ನೂ ದೂರವಿಡಿ, ನೆರಳು ಮಾಡಿ, ಒದ್ದೆ ಬಟ್ಟೆ ಹೊದಿಸಿ, ಉಸಿರಾಡುವ ರಂಧ್ರಗಳನ್ನು ಮುಚ್ಚದಂತೆ ಎಚ್ಚರವಹಿಸಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ದಂಡೆಯ ಹೆಸರು, ಹತ್ತಿರದ ದೇವಸ್ಥಾನ ಅಥವಾ ಬಂದರು, ಪ್ರಾಣಿಯ ಸ್ಥಿತಿಯನ್ನು ತಿಳಿಸಿ. ಸತ್ತ ಪ್ರಾಣಿ ಕಂಡರೂ ಕರೆ ಮಾಡಿ, ಏಕೆಂದರೆ ಅದು ಬಲೆಯಿಂದ ಸತ್ತಿತೋ ದೋಣಿಯ ಪೆಟ್ಟಿನಿಂದ ಸತ್ತಿತೋ ಎಂಬುದನ್ನು ದೇಹ ಕೊಳೆಯುವ ಮೊದಲು ಪರೀಕ್ಷಿಸಿದರೆ ಮಾತ್ರ ತಿಳಿಯುತ್ತದೆ.