ಕಟ್ಟಿದೋರೇ ಬಿಚ್ಚಬೇಕು

ಎಲ್ರಿಗೂ ನಮಸ್ಕಾರ. ಹಿಂದೆ ಗೋಡೆಗೆ ಒರಗಿರೋರು ಮುಂದೆ ಬನ್ನಿ, ಕುರ್ಚಿ ಖಾಲಿ ಇವೆ, ನಾನೇನು ಪ್ರಶ್ನೆ ಕೇಳಲ್ಲ. ನಮ್ಮ ಸಂಘದ ಕಮಿಟಿಯವರು ಕೊಟ್ಟ ವಿಷಯ "ಬುಶ್‌ವಾಕಿಂಗ್ ಮತ್ತು ಸ್ವಚ್ಛತೆ", ಬುಶ್‌ವಾಕಿಂಗ್ ಅಂದ್ರೆ ಇಲ್ಲಿನೋರ ಮಾತಲ್ಲಿ ಕಾಡುದಾರಿ ನಡಿಗೆ. ಸ್ವಚ್ಛತೆ ಪಾಠ ಇಲ್ಲಿ ಯಾರಿಗೂ ಬೇಕಿಲ್ಲ, ಸಿಡ್ನಿಗೆ ಬಂದ ವಾರಕ್ಕೇ ಯಾವ ಕಸ ಯಾವ ಬಣ್ಣದ ಮುಚ್ಚಳದ ಡಬ್ಬಿಗೆ ಅಂತ ಬಾಯಿಪಾಠ ಮಾಡಿದೋರು ನಾವು. ನಾನು ಒಪ್ಪಿಕೊಂಡಿದ್ದು ಬೇರೆ ಕಾರಣಕ್ಕೆ. ಭಾನುವಾರದ, ಸಿಡ್ನಿ ಪಕ್ಕದ ಬ್ಲೂ ಮೌಂಟನ್ಸ್ ಬೆಟ್ಟಗಳ ವಾಕ್‌ಗೆ ವಾಟ್ಸಾಪಲ್ಲಿ ಲಿಸ್ಟ್ ಓಡ್ತಿದೆಯಲ್ಲ, ನೀರು, ಟೋಪಿ, ಪುಳಿಯೋಗರೆ, ಅದರ ಕೆಳಗೆ ಒಬ್ರು "ಪಿಂಕ್ ಟೇಪ್ 2 ರೋಲ್, ಹಿಂದೆ ಬರೋರಿಗೆ ದಾರಿ ತೋರ್ಸೋಕೆ" ಅಂತ ಸೇರಿಸಿದ್ರು, ಎಲ್ರೂ ಅದಕ್ಕೆ ಹೆಬ್ಬೆರಳು ಎತ್ತಿದ್ರಿ. ಅವರು ಇಲ್ಲೇ ಇದಾರೆ, ನಗ್ತಾ ಇದಾರೆ, ಹೆಸರು ಹೇಳಲ್ಲ.

ಆ ಟೇಪು ಅಂದ್ರೆ ಸರ್ವೆಯವರು ಬಳಸೋ ಪ್ಲಾಸ್ಟಿಕ್ ಪಟ್ಟಿ, ಹಾರ್ಡ್‌ವೇರ್ ಅಂಗಡಿಲಿ ನಾಲ್ಕು ಕಾಸಿಗೆ ಸಿಗುತ್ತೆ. ಕಟ್ಟಿದ ದಿನ ಕಣ್ಣು ಕುಕ್ಕೋ ಗುಲಾಬಿ. ಬಿಸಿಲು ತಿಂದು ತಿಂದು ಬಿಳಿಚ್ಕೊಳ್ಳುತ್ತೆ, ಆಮೇಲೆ ಮುಟ್ಟಿದ್ರೆ ಹಪ್ಪಳದ ಥರ ಮುರಿಯುತ್ತೆ, ಚೂರೆಲ್ಲ ಕೆಳಗೆ, ಗಂಟು ಮಾತ್ರ ಕೊಂಬೆ ಮೇಲೆ, ಕೊಂಬೆ ದಪ್ಪ ಆಗ್ತಾ ಆಗ್ತಾ ಅದು ತೊಗಟೆಗೆ ಕಚ್ಕೊಂಡು ಕೂತಿರುತ್ತೆ. ಚಿಪ್ಸ್ ಪ್ಯಾಕೆಟ್ ಬಿಸಾಕಿದೋನಿಗೆ ಬೈತೀವಿ, ಇದನ್ನ ಕಟ್ಟಿದೋನಿಗೆ ಥ್ಯಾಂಕ್ಸ್ ಹೇಳ್ತೀವಿ. ಎರಡೂ ಪ್ಲಾಸ್ಟಿಕ್ಕೇ ಸ್ವಾಮಿ, ಅದಕ್ಕೇ ನಾನು ಹೇಳೋದು, ಕಟ್ಟಿದೋರೇ ಬಿಚ್ಚಬೇಕು, ಬಿಚ್ಚೋಕೆ ವಾಪಸ್ ಬರಲ್ಲ ಅಂದ್ರೆ ಕಟ್ಟಲೇಬಾರದು.

ಕಸದ ಮಾತು ಬಿಡಿ, ಟೇಪು ಸುಳ್ಳು ಹೇಳುತ್ತೆ, ಅದು ಇನ್ನೂ ದೊಡ್ಡ ತೊಂದರೆ. ಮರದಲ್ಲಿ ಗುಲಾಬಿ ಪಟ್ಟಿ ನೇತಾಡ್ತಿದೆ ಅಂದ್ಕೊಳ್ಳಿ, ಕಟ್ಟಿದ್ದು ಯಾರು? ಕ್ಯಾನಿಯನ್ನಿಗೆ, ಅಂದ್ರೆ ಇಕ್ಕಟ್ಟಾದ ಕಮರಿಗೆ, ಹಗ್ಗ ಬಿಟ್ಟು ಇಳಿಯೋಕೆ ಹೋದೋರಾ, ಗಿಡ ಲೆಕ್ಕ ಹಾಕೋ ಸಂಶೋಧಕರಾ, ಕಳೆದುಹೋದೋರನ್ನ ಹುಡುಕ್ತಾ "ಇಲ್ಲಿ ನೋಡಿ ಆಯ್ತು" ಅಂತ ಗುರುತು ಹಾಕಿದ ರೆಸ್ಕ್ಯೂನೋರಾ, ಅಥವಾ ದಾರಿ ತಪ್ಪಿದ ಪುಣ್ಯಾತ್ಮ ತಾನು ತಪ್ಪಿದ ದಾರಿಗೇ ಗುರುತು ಹಾಕ್ಕೊಂಡು ಹೋದ್ನಾ? ಟೇಪಲ್ಲಿ ಏನೂ ಬರೆದಿರಲ್ಲ. ನೀವು ಅದರ ಹಿಂದೆ ಹೋಗ್ತೀರಿ, ನಿಮ್ಮ ಹಿಂದೆ ಇಡೀ ಸಂಘ, ಬ್ಲೂ ಮೌಂಟನ್ಸಲ್ಲಿ ದಾರಿ ಮುಗಿಯೋದು ಅಂದ್ರೆ ಎಷ್ಟೋ ಕಡೆ ಬಂಡೆ ಅಂಚು. ಒಬ್ಬ ಎಡಕ್ಕೆ ಕಟ್ತಾನೆ, ಇನ್ನೊಬ್ಬ ಕೆಸರು ತಪ್ಪಿಸೋಕೆ ಬಲಕ್ಕೆ ಕಟ್ತಾನೆ, ಕೆಲವೇ ದಿನದಲ್ಲಿ ಒಂದು ಕಾಲುದಾರಿ ಮೂರಾಗುತ್ತೆ, ಮೂರರಲ್ಲೂ ಮಳೆ ನೀರು ಹರಿದು ಮಣ್ಣು ಕೊಚ್ಕೊಂಡು ಹೋಗುತ್ತೆ.

"ಸೇಫ್ಟಿ ಸಾರ್" ಅಂತೀರಿ. ಸರಿ, ಸೇಫ್ಟಿಗೇ ಬರೋಣ. ಇಲ್ಲಿ ಟ್ರ್ಯಾಕ್‌ಗಳಿಗೆ 1ರಿಂದ 5ರವರೆಗೆ ಗ್ರೇಡ್ ಇದೆ, 5 ಅಂದ್ರೆ ಎಲ್ಲಕ್ಕಿಂತ ಕಷ್ಟದ್ದು. 5ನೇ ಗ್ರೇಡಲ್ಲಿ ಬೋರ್ಡು ಇಲ್ದೇ ಇರೋದು ಯಾರೋ ಮರೆತಿದ್ದಕ್ಕಲ್ಲ, ಅದು ಮ್ಯಾಪ್ ಓದೋಕೆ ಬರೋರಿಗೆ ಅಂತಲೇ ಬಿಟ್ಟಿರೋ ದಾರಿ. ನಾವು ಹೋಗ್ತಿರೋದು ಅಲ್ಲಿಗಲ್ಲ, ನಮ್ಮ ದಾರಿಲಿ ಪಾರ್ಕಿನವರೇ ಬಾಣದ ಗುರುತು ಹಾಕಿದಾರೆ. ಹಿಂದೆ ಬರೋರಿಗೆ ಭಯ ಅಂದ್ರೆ ದಾರಿ ಕವಲೊಡೆದ ಕಡೆ ನಿಂತ್ಕೊಳ್ಳಿ, ಕೊನೇಲಿ ಗಟ್ಟಿ ಆಸಾಮಿ ಒಬ್ಬರನ್ನ ಇಡಿ. ಅಲ್ಲೇ ಬೆಟ್ಟದ ಮೇಲಿನ ಕಟೂಂಬಾ ಊರಿನ ಪೊಲೀಸ್ ಸ್ಟೇಷನ್ನಲ್ಲಿ ಎಮರ್ಜೆನ್ಸಿ ಬೀಕನ್, ಅಂದ್ರೆ ಅಪಾಯದಲ್ಲಿ ಒತ್ತಿದ್ರೆ ರೆಸ್ಕ್ಯೂನೋರಿಗೆ ಸಿಗ್ನಲ್ ಹೋಗೋ ಯಂತ್ರ, ಪುಕ್ಕಟೆ ಎರವಲು ಕೊಡ್ತಾರೆ, ಪುಕ್ಕಟೆ ಅಂದ್ಮೇಲೆ ನಮ್ಮೋರು ಬಿಡ್ತೀವಾ?

ಈಗ ಒಂದು ಕಥೆ, ಕೆಲವರಿಗೆ ಗೊತ್ತು, ಆದ್ರೂ ಹೇಳ್ತೀನಿ. ಮೈಲ್ಸ್ ಡನ್ಫಿ ಅಂತ, 1914ರಲ್ಲಿ ಮೌಂಟನ್ ಟ್ರೇಲ್ಸ್ ಕ್ಲಬ್ ಅನ್ನೋ ಬುಶ್‌ವಾಕಿಂಗ್ ಕ್ಲಬ್ ಶುರು ಮಾಡಿದೋರಲ್ಲಿ ಒಬ್ಬ. ಕಾಡು ಸುತ್ತಿ ಬಂದು ಕೈಯಲ್ಲೇ ಮ್ಯಾಪ್ ಬರೀತಿದ್ದ, ಒಂದೊಂದು ತೊರೆ, ಒಂದೊಂದು ದಿಣ್ಣೆ. ಎಳೇ ಮಗನನ್ನ ತಳ್ಳುಗಾಡಿಲಿ ಕೂರಿಸ್ಕೊಂಡು ಕನಾಂಗ್ರಾ ಕಡೆ ಕಾಡಿಗೆ ಹೊರಟ ಮನುಷ್ಯ, ಆ ಗಾಡಿಗೆ "ಕನಾಂಗ್ರಾ ಎಕ್ಸ್‌ಪ್ರೆಸ್" ಅಂತ ಹೆಸರು ಬೇರೆ! ಪ್ರ್ಯಾಮ್ ಇದೆ ಬರಲ್ಲ ಅಂತ ನಿನ್ನೆ ಮೆಸೇಜ್ ಹಾಕಿದೋರು ಸ್ವಲ್ಪ ಕೇಳಿಸ್ಕೊಳ್ಳಿ. ಇರಲಿ. 1931ರ ಈಸ್ಟರ್‌ಗೆ ಈ ಕ್ಲಬ್ಬು, ಇಂಥದ್ದೇ ಇನ್ನೊಂದು ಕ್ಲಬ್ಬಿನ ಕಡೆಯೋರು ಬ್ಲೂ ಮೌಂಟನ್ಸಿನ ಗ್ರೋಸ್ ಕಣಿವೆಗೆ ಇಳಿದು ಬ್ಲೂ ಗಮ್ ಅನ್ನೋ ನೀಲಗಿರಿ ಜಾತಿ ಮರಗಳ ಕಾಡಲ್ಲಿ ಕ್ಯಾಂಪ್ ಹಾಕಿದಾರೆ, ನೆಟ್ಟಗೆ ಆಕಾಶಕ್ಕೆ ಹೋದ ಮರಗಳು, ಅಲ್ಲಿಗೆ ಹಂಗರ್‌ಫೋರ್ಡ್ ಅನ್ನೋನು ಬಂದು ಈ ಜಾಗ ನಂದು, ಮರ ಕಡಿದು ವಾಲ್‌ನಟ್ ಹಾಕ್ತೀನಿ ಅಂತಾನೆ. ಆರ್ಥಿಕ ಮುಗ್ಗಟ್ಟಿನ ಕಾಲ, ಜನಕ್ಕೆ ಕೆಲಸ ಇಲ್ಲ, ಇವರೇನು ಸಾಹುಕಾರರಲ್ಲ. ಚೌಕಾಸಿ ಮಾಡಿದ್ರು, 130 ಪೌಂಡಿಗೆ ಬಿಟ್ಟುಕೊಡ್ತೀನಿ ಅಂದ. ಸಾಲ ಎತ್ತಿದ್ರು, ಚಂದಾ ಎತ್ತಿದ್ರು (ನಮ್ಮ ಖಜಾಂಚಿಯವರಿಗೆ ಆ ಕಷ್ಟ ಗೊತ್ತು), ದುಡ್ಡು ಕೊಟ್ಟು ಬಿಡಿಸ್ಕೊಂಡ್ರು, 1932ರಲ್ಲಿ ಅದು ರಿಸರ್ವ್ ಆಯ್ತು. ಇವತ್ತು ಆ ಮರಗಳ ಕೆಳಗೆ ಕ್ಯಾಂಪ್ ಮಾಡೋ ಹಾಗಿಲ್ಲ, ಪಕ್ಕದ ಅಕೇಶಿಯಾ ಫ್ಲಾಟ್ ಅನ್ನೋ ಬಯಲಿಗೆ ಹೋಗ್ಬೇಕು. ನಾನು ಹೇಳೋಕೆ ಹೊರಟಿದ್ದು ಏನಪ್ಪಾ ಅಂದ್ರೆ, ಡನ್ಫಿ ಗುರುತು ಇಟ್ಟಿದ್ದು ಕಾಗದದ ಮೇಲೆ. ಮ್ಯಾಪಲ್ಲಿ ಎಷ್ಟು ಬೇಕಾದ್ರೂ ಗೀಚಿ, ಫೋನಲ್ಲಿ ಪಿನ್ ಹಾಕಿ, ಮರಕ್ಕೆ ಕಟ್ಟಿದ್ರೆ ಮಾತ್ರ ಮತ್ತೆ ಅದೇ ರಾಗ, ಕಟ್ಟಿದೋರೇ ಬಿಚ್ಚಬೇಕು.

ಹಾಗಂತ ಭಾನುವಾರ ಕಂಡಕಂಡ ಟೇಪೆಲ್ಲ ಕೀಳೋಕೆ ಹೋಗ್ಬೇಡಿ ಮತ್ತೆ! ಯಾರದೋ ಸಂಶೋಧನೆ ಇರಬಹುದು, ಹುಡುಕಾಟ ಇನ್ನೂ ನಡೀತಿರಬಹುದು. ಫೋಟೋ ತೆಗೆದು ಪಾರ್ಕ್ ಆಫೀಸಿಗೆ ತಿಳಿಸಿ.

ಅಧ್ಯಕ್ಷರು ಗಡಿಯಾರ ತೋರಿಸ್ತಿದಾರೆ, ಬೇಗ ಬೇಗ ಹೇಳ್ಬಿಡ್ತೀನಿ. ಕಲ್ಲು ಮೇಲೆ ಕಲ್ಲು ಪೇರಿಸಿ ಸೆಲ್ಫಿ ಬೇಡ. ಈ ಸ್ಯಾಂಡ್‌ಸ್ಟೋನ್ ಚಪ್ಪಡಿಗಳ ಕೆಳಗೆ ಬ್ರಾಡ್-ಹೆಡೆಡ್ ಸ್ನೇಕ್ ಅನ್ನೋ ಅಳಿವಿನಂಚಿನ ಹಾವು ಚಳಿಗಾಲ ಕಳೆಯುತ್ತೆ, ವಿಷದ್ದು, ಹಾಗಾಗಿ ಅದರ ಮನೆ ಎತ್ತದೇ ಇದ್ರೆ ಅದಕ್ಕೂ ಒಳ್ಳೇದು ನಿಮಗೂ ಒಳ್ಳೇದು. ಬಾಟಲಿಯ ನೀಲಿ ಮುಚ್ಚಳ, ಅದರ ಕೆಳಗಿನ ಬಳೆ, ಎರಡೂ ಬ್ಯಾಗಿಗೆ. ಸ್ಯಾಟಿನ್ ಬೋವರ್‌ಬರ್ಡ್ ಗಂಡು ಹೆಣ್ಣನ್ನ ಒಲಿಸ್ಕೊಳ್ಳೋಕೆ ನೀಲಿ ಸಾಮಾನು ಆರಿಸ್ಕೊಂಡು ಬಂದು ಅಂಗಳದಲ್ಲಿ ಜೋಡಿಸುತ್ತೆ, ಆ ಬಳೆ ಕುತ್ತಿಗೆಗೆ ಸಿಕ್ಕಾಕೊಂಡ್ರೆ ಹಕ್ಕಿ ಕಥೆ ಮುಗೀತು. ಬಾಳೆಸಿಪ್ಪೆ, ಕಿತ್ತಳೆ ಸಿಪ್ಪೆ, "ಗೊಬ್ಬರ ಆಗುತ್ತೆ ಬಿಡಿ" ಅನ್ನೋ ಅಂಕಲ್‌ಗಳಿಗೆ: ಇಲ್ಲಿನ ಮರಳುಗಲ್ಲಿನ ಮಣ್ಣು ಬಡವ, ಇಲ್ಲಿನ ಗಿಡ ಒಗ್ಗಿರೋದೇ ಆ ಬಡತನಕ್ಕೆ, ಗೊಬ್ಬರ ಬಿದ್ರೆ ಹುಲುಸಾಗಿ ಬೆಳೆಯೋದು ಹೊರಗಿನ ಕಳೆ. ಸಿಪ್ಪೆನೂ ಬ್ಯಾಗಿಗೆ. ಶೂ ತೊಳೆದು ಬನ್ನಿ, ಮಣ್ಣಲ್ಲಿ ಫೈಟಾಫ್ತೊರಾ ಅಂತ ಬೇರು ಕೊಳೆಸೋ ರೋಗ ಬರುತ್ತೆ, ಅದರ ಬಗ್ಗೆ ಎರಡು ಪುಟ ಬರ್ಕೊಂಡಿದ್ದೆ, ಹೋಗ್ಲಿ. ಟಾಯ್ಲೆಟ್ ವಿಷಯ ಹೆಂಗಸರು ಗಂಡಸರು ಎಲ್ರಿಗೂ ಒಂದೇ, ತೊರೆಯಿಂದ 100 ಮೀಟರ್ ದೂರ, ಗುಂಡಿ 15 ಸೆಂಟಿಮೀಟರ್ ಆಳ, ಪೇಪರ್ ಬ್ಯಾಗಲ್ಲಿ ವಾಪಸ್.

ಆ 2 ರೋಲ್ ಟೇಪು ಆಗ್ಲೇ ತಂದಾಗಿದೆಯಂತೆ. ರಸೀದಿ ಇದ್ರೆ ಅಂಗಡಿಗೆ ವಾಪಸ್ ಕೊಡಿ, ಇಲ್ಲಾಂದ್ರೆ ದೀಪಾವಳಿ ಸ್ಟೇಜಿಗೆ ಇಟ್ಕೊಳ್ಳೋಣ. ಪ್ರಶ್ನೆ ಇದ್ರೆ ಕಾಫಿ ಹತ್ರ ಕೇಳಿ, ನಮಸ್ಕಾರ.