ಕೆಮೆ ಅಂದರೆ ನೂರು, ಕೊಡಬೇಕಾದ್ದು ಐನೂರು

ಈಗ ಕಾಣಿಸುತ್ತಿರುವ ಕೈ ನನ್ನದೇ. ಅಂಗೈ ಮೇಲೆ 100 ಫ್ರಾಂಕಿನ ಒಂದು ನಾಣ್ಯ. ಎದುರಿಗೆ ಕೋಲಾ ಬೀಜ ಮಾರುವ ಅಮ್ಮ. ಅವರು ನಾಣ್ಯ ನೋಡುತ್ತಾರೆ, ನನ್ನ ಮುಖ ನೋಡುತ್ತಾರೆ, ಮತ್ತೆ ನಾಣ್ಯ ನೋಡುತ್ತಾರೆ. ಆಮೇಲೆ ಪಕ್ಕದ ಅಂಗಡಿಯವಳನ್ನೂ ಕರೆದು ತೋರಿಸುತ್ತಾರೆ.

ಊರು ಬುವಾಕೆ. ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್ ದೇಶದ ನಡುಭಾಗ. ನಾನು ಇಲ್ಲಿಗೆ ಬಂದದ್ದು ಗೇರುಬೀಜದ ಕೆಲಸಕ್ಕೆ. ಮಂಗಳೂರು ಕಡೆಯ ಕಾರ್ಖಾನೆಗಳಿಗೆ ಇಲ್ಲಿಂದಲೂ ಬೀಜ ಹೋಗುತ್ತದೆ, ಗೊತ್ತಲ್ವಾ? ಊರಲ್ಲಿ ಗೋಣಿ ಬಿಚ್ಚುವುದನ್ನು ನೋಡಿದ್ದೆ, ಇಲ್ಲಿ ಗೋಣಿ ತುಂಬುವುದನ್ನು ನೋಡುತ್ತಿದ್ದೇನೆ. ಸರ್ಕಾರಿ ಭಾಷೆ ಫ್ರೆಂಚ್. ಆದರೆ ಗೋದಾಮಿನಲ್ಲಿ, ಲಾರಿ ಹತ್ತಿರ, ಸಂತೆಯಲ್ಲಿ ಕಿವಿಗೆ ಬೀಳುವುದು ಜೂಲಾ. ಫ್ರೆಂಚಿನವರ ಬಾಯಲ್ಲಿ ಅದು ದಿಯುಲಾ.

ಹಿಂದಿನ ರಾತ್ರಿ ನಮ್ಮ ಡ್ರೈವರ್ ಹತ್ತಿರ ಎಣಿಕೆ ಕಲಿತಿದ್ದೆ. ಕೆಲೆನ್, ಫಿಲಾ, ಸಬಾ. ಒಂದು, ಎರಡು, ಮೂರು. ಕೆಮೆ ಅಂದರೆ ನೂರು. ಅಮ್ಮ ಒಂದು ಗುಡ್ಡೆ ಬೀಜಕ್ಕೆ ಕೆಮೆ ಅಂದರು. ನಾನು ಭಾರಿ ಜಂಬದಿಂದ 100 ಕೊಟ್ಟೆ. ಅವರು ಕೇಳಿದ್ದು 500.

ಜೂಲಾದಲ್ಲಿ ದುಡ್ಡನ್ನು ಒಂದೊಂದು ಫ್ರಾಂಕ್ ಅಂತ ಎಣಿಸುವುದಿಲ್ಲ. ಐದು ಫ್ರಾಂಕಿಗೆ ಒಂದು ದೊರೊಮೆ. ಲೆಕ್ಕ ಎಲ್ಲಾ ಅದರಲ್ಲೇ. ಇಪ್ಪತ್ತು ಅಂದರೆ 100 ಫ್ರಾಂಕ್, ನೂರು ಅಂದರೆ 500. ನೂರು ಮಾವಿನಹಣ್ಣು ಅಂದರೆ ಮಾತ್ರ ನೂರೇ ಹಣ್ಣು! ನಮ್ಮಜ್ಜ ಕೊನೆವರೆಗೂ ಐವತ್ತು ಪೈಸೆಗೆ ಎಂಟಾಣೆ ಅನ್ನುತ್ತಿದ್ದರು. ಅಷ್ಟಕ್ಕೇ ನಾವು ನಗುತ್ತಿದ್ದೆವು. ಇಲ್ಲಿ ಇಡೀ ಸಂತೆ ಐದರ ಮಗ್ಗಿಯಲ್ಲಿ ನಡೆಯುತ್ತದೆ.

ಜೂಲಾ ಅನ್ನುವ ಪದಕ್ಕೆ ಅರ್ಥವೇ ವ್ಯಾಪಾರಿ. ಕಸುಬಿನ ಹೆಸರು ಜನದ ಹೆಸರಾಯಿತು, ಆಮೇಲೆ ಭಾಷೆಯ ಹೆಸರೂ ಆಯಿತು. ನಮ್ಮ ಕರಾವಳಿಯಲ್ಲೂ ಬ್ಯಾರಿ ಅನ್ನುವ ಹೆಸರು ಬ್ಯಾರದಿಂದ, ಅಂದರೆ ವ್ಯಾಪಾರದಿಂದ ಬಂತು ಅನ್ನುತ್ತಾರೆ. ಜೂಲಾಗಳ ಹಾಗೆ ಅವರೂ ಮುಸ್ಲಿಮರು, ಅವರಿಗೂ ತಮ್ಮದೇ ಮಾತು. ಇಷ್ಟು ದೂರ ಬಂದು ಅದೇ ಕತೆ ಕೇಳಿದಾಗ ಒಂಥರಾ ಆಯಿತು.

ಈ ಕೋಲಾ ಬೀಜವನ್ನು ಹತ್ತಿರದಿಂದ ನೋಡಿ. ಕೆಂಪು, ಬಿಳಿ, ಎರಡೂ ಇವೆ. ಒಣಗಬಾರದು ಅಂತ ಹಸಿ ಎಲೆ ಸುತ್ತಿಟ್ಟಿದ್ದಾರೆ. ಮರ ಬೆಳೆಯುವುದು ದಕ್ಷಿಣದ ಕಾಡಿನಲ್ಲಿ, ಆಸೆಪಡುವವರು ಉತ್ತರದ ಬಯಲಿನಲ್ಲಿ. ನಡುವೆ ಓಡಾಡಿದವರು ಜೂಲಾಗಳು. ಕೋಲಾ ಮೇಲಕ್ಕೆ ಹೋಯಿತು, ಉಪ್ಪು ಕೆಳಕ್ಕೆ ಬಂತು, ಜೊತೆಗೆ ಚಿನ್ನದ ವ್ಯಾಪಾರವೂ ನಡೆಯಿತು. ಮದುವೆ ಮಾತುಕತೆಗೆ, ಮಗುವಿಗೆ ಹೆಸರಿಡುವುದಕ್ಕೆ ಕೋಲಾ ಬೇಕೇ ಬೇಕು. ನಮ್ಮಲ್ಲಿ ಎಲೆ ಅಡಿಕೆ ಇದ್ದ ಹಾಗೆ. ರುಚಿ? ಕಹಿ. ಅಡಿಕೆ ಜಗಿದು ಬೆಳೆದವನಿಗೂ ಕಹಿ.

ಎರಡು ದಿನ ರಜೆ ಸಿಕ್ಕಾಗ ಕಾಂಗ್‌ಗೆ ಹೋದೆ. ಕಾಂಗೋ ದೇಶ ಅಲ್ಲ, ಇಲ್ಲಿಯದೇ ಉತ್ತರದ ಊರು ಕಾಂಗ್. 1700ರ ದಶಕದ ಆರಂಭದಲ್ಲಿ ಸೇಕು ವಟಾರಾ ಇಲ್ಲಿ ಜೂಲಾಗಳ ರಾಜ್ಯ ಕಟ್ಟಿದ. ತಮಾಷೆ ಏನು ಅಂದರೆ, 1798ರಲ್ಲಿ ಇಂಗ್ಲಿಷಿನವನೊಬ್ಬ ಬರೆದ ನಕ್ಷೆಯಲ್ಲಿ ಇಲ್ಲಿ ದೊಡ್ಡ ಪರ್ವತಸಾಲು ಇದೆ. ಕಾಂಗ್ ಪರ್ವತಗಳು! 1888ರಲ್ಲಿ ಫ್ರೆಂಚ್ ಅಧಿಕಾರಿ ಬಿಂಗರ್ ಬಂದು ನೋಡಿದರೆ ಪರ್ವತವೇ ಇಲ್ಲ. ಇದ್ದದ್ದು ಸಂತೆ, ಮಸೀದಿ, ಓದು ಬಲ್ಲ ವ್ಯಾಪಾರಿಗಳು. 1897ರಲ್ಲಿ ಆ ಕಾಲದ ದೊರೆ ಸಮೋರಿ ತೂರೆಯ ಸೇನೆ ಊರನ್ನು ಹಾಳುಮಾಡಿತು. ಈ ಮಣ್ಣಿನ ಮಸೀದಿ ಆಮೇಲೆ ಎದ್ದದ್ದು. ಗೋಡೆಯಿಂದ ಹೊರಗೆ ಚಾಚಿದ ಮರದ ತುಂಡುಗಳು ಕಾಣಿಸುತ್ತಿವೆಯಾ? ಸುಮ್ನೆ ಚೆಂದಕ್ಕಲ್ಲ. ಮಣ್ಣು ಮೆತ್ತುವಾಗ ಅದರ ಮೇಲೆ ಕಾಲಿಟ್ಟು ಹತ್ತುತ್ತಾರೆ. ಉತ್ತರ ಐವರಿ ಕೋಸ್ಟಿನ ಇಂಥ ಎಂಟು ಮಸೀದಿಗಳನ್ನು ಯುನೆಸ್ಕೋ 2021ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ದಾರಿಯಲ್ಲಿ ಡ್ರೈವರನ್ನು ಕೇಳಿದೆ, ನೀವು ಜೂಲಾನಾ ಅಂತ. ಆತ ಸೆನುಫೊ, ಅಂದರೆ ಉತ್ತರದ ಇನ್ನೊಂದು ಜನ. ಮನೆಯಲ್ಲಿ ಸೆನುಫೊ ಮಾತು, ರಸ್ತೆಯಲ್ಲಿ ಜೂಲಾ. ಆದರೆ ದಕ್ಷಿಣದ ದೊಡ್ಡ ನಗರ ಅಬಿಜಾನಿಗೆ ಹೋದರೆ ತನ್ನನ್ನೂ ದಿಯುಲಾ ಅಂತಲೇ ಕರೆಯುತ್ತಾರೆ ಅಂದ. ಉತ್ತರದಿಂದ ಬಂದ ಮುಸ್ಲಿಮರಿಗೆಲ್ಲ ಅಲ್ಲಿ ಅದೇ ಹೆಸರು. 1990ರ ದಶಕದಲ್ಲಿ ಯಾರು ನಿಜವಾದ ಐವರಿಯನ್ ಅನ್ನುವ ರಾಜಕೀಯ ಶುರುವಾದಾಗ ಆ ಹೆಸರು ಬೈಗುಳದ ಹಾಗೆ ಬಳಕೆಯಾಯಿತು. 2002ರಲ್ಲಿ ಯುದ್ಧವೇ ಆಗಿ ದೇಶ ಎರಡು ಹೋಳಾಯಿತು. ಈ ಬುವಾಕೆ ಆಗ ಬಂಡುಕೋರರ ಕೇಂದ್ರ. ಡ್ರೈವರ್ ಅದರ ಬಗ್ಗೆ ಜಾಸ್ತಿ ಮಾತಾಡಲಿಲ್ಲ. ನಾನೂ ಕೆದಕಲಿಲ್ಲ.

ವಾಪಸ್ ಬಂದ ಮೇಲೆ ಕೋಲಾ ಅಮ್ಮನಿಗೆ ಬಾಕಿ 400 ತೀರಿಸಿದೆ. ಆ ದಿನ ಅರ್ಧ ಗಂಟೆ ಅವರ ಪಕ್ಕದಲ್ಲೇ ಕೂತಿದ್ದೆ. ಹೋಗಿ ಬರುವವರೆಲ್ಲ ನಮಸ್ಕಾರ ಹೇಳುತ್ತಿದ್ದರು. ಬೆಳಿಗ್ಗೆಗೆ ಇ ನಿ ಸೊಗೊಮಾ, ಕೆಲಸ ಮಾಡುತ್ತಿರುವವರಿಗೆ ಇ ನಿ ಬಾರಾ. ಪ್ರತಿ ಸಲ ಅಮ್ಮ ನ್ಸೆ ಅನ್ನುತ್ತಿದ್ದರು. ಸರಿ, ಉತ್ತರ ಇದು ಅಂತ ಕಲಿತುಕೊಂಡೆ.

ಮರುದಿನ ಗೋದಾಮಿನ ಗೇಟಿನಲ್ಲಿ ಕಾವಲುಗಾರ ಇ ನಿ ಸೊಗೊಮಾ ಅಂದ. ನಾನು ಗಟ್ಟಿಯಾಗಿ ನ್ಸೆ ಅಂದೆ. ಗೋಣಿ ಹೊರುತ್ತಿದ್ದವರು ಗೋಣಿ ಕೆಳಗಿಟ್ಟು ನಕ್ಕರು. ನ್ಸೆ ಹೆಂಗಸರ ಉತ್ತರವಂತೆ. ಗಂಡಸರು ಮ್ಬಾ ಅನ್ನಬೇಕಂತೆ. ಈಗ ದಿನಾ ಬೆಳಿಗ್ಗೆ ನಾನು ಗೇಟಿಗೆ ಬರುವುದಕ್ಕೇ ಕಾಯುತ್ತಿರುತ್ತಾರೆ. ಕೇಳಿ, ಹಿಂದೆ ಆ ನಗು ಕೇಳಿಸುತ್ತಿದೆಯಲ್ಲ, ಅದೇ.