ಪೆರ್ಪೆತುವಾಳ ಜೈಲ್ ಡೈರಿ

ಎಲ್ರಿಗೂ ನಮಸ್ಕಾರ. ರಕ್ತಸಾಕ್ಷಿಗಳು, ಅಂದ್ರೆ ನಂಬಿಕೆಗಾಗಿ ಪ್ರಾಣ ಕೊಟ್ಟವರು, ಅಂದ ತಕ್ಷಣ ನಮಗೆ ಪವಾಡದ ಕಥೆ ಕೇಳಿ ರೂಢಿ, ನಾನು ಇವತ್ತು ಹೇಳ್ತಿರೋದು ಸಾಯೋಕೆ ಮುಂಚೆ ತನ್ನ ಕಥೆ ತಾನೇ ಬರೆದಿಟ್ಟ ಒಬ್ಬ ಹುಡುಗಿ ಬಗ್ಗೆ.

ಕ್ರಿ.ಶ. 203, ರೋಮನ್ನರ ಕಾರ್ಥೇಜ್, ಈಗಿನ ಟುನೀಷಿಯಾದಲ್ಲಿದೆ. ಪೆರ್ಪೆತುವಾಗೆ ಸುಮಾರು 22 ವರ್ಷ, ಒಳ್ಳೇ ಮನೆತನ, ಓದುಬರಹ ಕಲಿತವಳು, ಕೈಯಲ್ಲಿ ಮೊಲೆ ಕುಡಿಯೋ ಗಂಡು ಮಗು. ಕ್ರೈಸ್ತ ಧರ್ಮಕ್ಕೆ ಸೇರೋ ದೀಕ್ಷಾಸ್ನಾನ ಕೂಡ ಇನ್ನೂ ಆಗಿರ್ಲಿಲ್ಲ, ಅಷ್ಟರಲ್ಲೇ ಕ್ರೈಸ್ತಳು ಅಂತ ಹಿಡಿದ್ರು. ಜೊತೆಗೆ ಫೆಲಿಸಿಟಾ ಅಂತ ಒಬ್ಬ ಗುಲಾಮ ಹೆಣ್ಣುಮಗಳು, ತುಂಬು ಗರ್ಭಿಣಿ, ಇನ್ನೂ ಕೆಲವರು ಗಂಡಸರು.

ಡೈರಿಯಲ್ಲಿ ದೇವರ ಬಗ್ಗೆ ಇರೋದಕ್ಕಿಂತ ಅಪ್ಪನ ಬಗ್ಗೆ ಇರೋ ಭಾಗಾನೇ ನನ್ನನ್ನ ಹಿಡಿದು ನಿಲ್ಲಿಸಿದ್ದು. ಅಪ್ಪ ಬಂದು ಇದನ್ನೆಲ್ಲ ಬಿಟ್ಬಿಡು ಅಂತಾನೆ, ಇವಳು ಅಲ್ಲಿದ್ದ ಒಂದು ಹೂಜಿ ತೋರಿಸಿ ಇದನ್ನ ಹೂಜಿ ಅನ್ನದೆ ಬೇರೆ ಹೆಸರಲ್ಲಿ ಕರೆಯೋಕಾಗುತ್ತಾ, ಹಾಗೇ ನಾನು ಕ್ರೈಸ್ತಳು ಅಂತಾಳೆ, ಅಪ್ಪನಿಗೆ ಎಷ್ಟು ಸಿಟ್ಟು ಬರುತ್ತೆ ಅಂದ್ರೆ ಕಣ್ಣು ಕೀಳೋ ಹಾಗೆ ಮೈಮೇಲೆ ಬರ್ತಾನೆ. ಆಮೇಲೆ ಅದೇ ಅಪ್ಪ ಮಗಳ ಕೈಗೆ ಮುತ್ತಿಟ್ಟು ಕಾಲಿಗೆ ಬಿದ್ದು, ಮಗಳೇ ಅಂತಲೂ ಕರೀದೆ 'ಅಮ್ಮಾವ್ರೇ' ಅನ್ನೋ ಮಟ್ಟಕ್ಕೆ ಇಳಿದುಬಿಡ್ತಾನೆ. ವಿಚಾರಣೆ ದಿನ ಅಧಿಕಾರಿ ಹಿಲಾರಿಯಾನುಸ್ ಮುದುಕನಿಗೆ ಕೋಲಲ್ಲಿ ಹೊಡೆಸಿದಾಗ, ನನಗೇ ಹೊಡೆದಂಗಾಯ್ತು ಅಂತ ಬರೀತಾಳೆ. ಆದ್ರೂ ಚಕ್ರವರ್ತಿ ಹೆಸರಲ್ಲಿ ಬಲಿ ಕೊಡೋಕೆ ಒಪ್ಪಲಿಲ್ಲ. ಅವಳಿಗೆ ಅಪ್ಪನ ಮೇಲೆ ಪ್ರೀತಿ ಇರ್ಲಿಲ್ಲ ಅನ್ನೋರು ಈ ಸಾಲನ್ನ ಓದಿಲ್ಲ ಅಂತ ನನ್ನ ಅಭಿಪ್ರಾಯ.

ಮಗು ವಿಷಯಾನೂ ಹಂಗೇ. ಹಸಿವಿಂದ ಸೊರಗಿದ್ದ ಮಗುನ ಜೈಲಲ್ಲೇ ಜೊತೆಗಿಟ್ಕೊಳ್ಳೋಕೆ ಪರ್ಮಿಷನ್ ಸಿಕ್ಕಾಗ, ಜೈಲೇ ಅರಮನೆ ಆಯ್ತು ಅಂತಾಳೆ. ಶಿಕ್ಷೆ ಆದ್ಮೇಲೆ ಅಪ್ಪ ಮಗುನ ಕೊಡಲ್ಲ ಅಂದ, ಮಗು ಮತ್ತೆ ಹಾಲು ಕೇಳ್ಲಿಲ್ಲ, ನನ್ನ ಎದೇನೂ ಬಾತ್ಕೊಳ್ಳಲಿಲ್ಲ ಅಂತ ಬರೀತಾಳೆ. ಇಂಥ ವಿವರ ಹಳೇ ಕಾಲದ ಬರಹಗಳಲ್ಲಿ ಎಲ್ಲಿ ಸಿಗುತ್ತೆ ಹೇಳಿ?

ಫೆಲಿಸಿಟಾ ಕಥೆ ಮಾತ್ರ ಬೇರೆಯವರು ಬರೆದದ್ದು. ಗರ್ಭಿಣಿಯರನ್ನ ಕೊಲ್ಲೋ ಹಾಗಿರ್ಲಿಲ್ಲ, ಜೊತೆಯವರ ಜೊತೆಗೇ ಸಾಯೋಕಾಗಲ್ವಲ್ಲ ಅನ್ನೋದೇ ಅವಳ ಚಿಂತೆ. ಎಂಟನೇ ತಿಂಗಳಲ್ಲೇ ಹೆರಿಗೆ ಆಯ್ತು, ಹೆಣ್ಣು ಮಗು, ಒಬ್ಬ ಕ್ರೈಸ್ತ ಹೆಂಗಸು ಸಾಕಿಕೊಂಡ್ಲು.

ಮಾರ್ಚ್ 7, ರಾಜಕುಮಾರ ಗೇಟಾನ ಬರ್ತ್‌ಡೇ ಲೆಕ್ಕದಲ್ಲಿ, ಶಿಕ್ಷೆ ಆದವರ ಮೇಲೆ ಜನರೆದುರು ಪ್ರಾಣಿ ಬಿಡೋ ಆಟ. ಇವರಿಬ್ಬರ ಮೇಲೆ ಬಿಟ್ಟಿದ್ದು ಹುಚ್ಚೆದ್ದ ಹಸು. ಬಿದ್ದ ಪೆರ್ಪೆತುವಾ ಹರಿದ ಬಟ್ಟೆ ಸರಿ ಮಾಡ್ಕೊಂಡು, ಕೂದಲು ಕಟ್ಕೊಂಡು, ಹೋಗಿ ಫೆಲಿಸಿಟಾಳನ್ನ ಕೈಹಿಡಿದು ಎಬ್ಬಿಸಿದ್ಲು. ಕೊನೆಗೆ ಕತ್ತಿ ಹಿಡಿದವನು ಹೊಸಬ, ಮೊದಲ ಏಟು ಮೂಳೆಗೆ ತಾಗಿತು, ಅವನ ನಡುಗೋ ಕೈಯನ್ನ ತಾನೇ ತನ್ನ ಕುತ್ತಿಗೆಗೆ ತಂದಿಟ್ಕೊಂಡ್ಲು ಅಂತ ನಿರೂಪಕ ಹೇಳ್ತಾನೆ, ಇಲ್ಲಿ ಸ್ವಲ್ಪ ಭಕ್ತಿ ಸೇರಿರಬಹುದು, ಇರ್ಲಿ.

ಮುಂದೆ ಈ ಬರಹ ಆಫ್ರಿಕಾದ ಚರ್ಚುಗಳಲ್ಲಿ ಎಷ್ಟು ಓದಿಸ್ಕೊಳ್ತು ಅಂದ್ರೆ, ಇದು ಧರ್ಮಗ್ರಂಥಕ್ಕೆ ಸಮ ಅಲ್ಲ ಅಂತ ಅಲ್ಲಿನ ಬಿಷಪ್ ಅಗಸ್ಟೀನ್ ನೆನಪಿಸಬೇಕಾಯ್ತು, ಈ ಇಬ್ಬರ ಹಬ್ಬದ ದಿನ ಪ್ರವಚನ ಕೊಟ್ಟವನೂ ಅವನೇ. ಕ್ಯಾಥೊಲಿಕ್ ಪೂಜೆಯ ಹಳೇ ರೋಮನ್ ಪ್ರಾರ್ಥನೇಲಿ ಇಬ್ಬರ ಹೆಸರೂ ಇದೆ.

ಗಂಡ ಎಲ್ಲಿದ್ದ ಅಂತ ಯಾರಾದ್ರೂ ಕೇಳೇ ಕೇಳ್ತೀರ. ಡೈರಿಯಲ್ಲಿ ಅವನ ಸುದ್ದಿನೇ ಇಲ್ಲ. ಬೇರೆ ಪ್ರಶ್ನೆ ಇದ್ರೆ ಕೇಳಿ.